ಪಂಪು ಉಳಿಯಿತು, ಉಳಿದದ್ದೆಲ್ಲ ಹೋಯಿತು: ಒಂದು ಟಯರ್ ಕಿಟ್ ಜೊತೆ ನಾಲ್ಕೂವರೆ ವರ್ಷ

ಈ ಕಿಟ್ ಕೊಂಡು ನಾಲ್ಕೂವರೆ ವರ್ಷವಾಯಿತು. 12 ವೋಲ್ಟಿನಲ್ಲಿ ಓಡುವ, ಎರಡು ಅಂಗೈ ಅಗಲದ ಗಾಳಿ ಪಂಪು. ಜೊತೆಗೆ ಟ್ಯೂಬ್‌ಲೆಸ್ ಟಯರಿಗೆ ಪಂಕ್ಚರ್ ಹಾಕುವ ಸೂಜಿ, ತೂತನ್ನು ಉಜ್ಜಿ ಸಮ ಮಾಡುವ ರೀಮರ್, ತೂತಿಗೆ ತುರುಕುವ ರಬ್ಬರ್ ಬತ್ತಿ, ಒಂದು ಟ್ಯೂಬು ಅಂಟು, ಎಲ್ಲ ತುರುಕಿಡಲು ಒಂದು ಜಿಪ್ ಚೀಲ. ಬೈಕಿನಲ್ಲಿ ಹೊರಟರೆ ಸೈಡ್ ಬ್ಯಾಗಿನ ತಳದಲ್ಲಿ, ಕಾರಿನಲ್ಲಿ ಹೊರಟರೆ ಸ್ಟೆಪ್ನಿಯ ಪಕ್ಕದಲ್ಲಿ, ಅಂತೂ ನಾನು ಹೋದಲ್ಲೆಲ್ಲ ಅದೂ ಬಂದಿದೆ. ಇಷ್ಟು ದಿನದಲ್ಲಿ ಹನ್ನೊಂದು ಪಂಕ್ಚರು. ಬೈಕಿನವು ಏಳು, ಕಾರಿನವು ನಾಲ್ಕು. ಬರೀ ಗಾಳಿ ಹೊಡೆದದ್ದಕ್ಕೆ ಲೆಕ್ಕ ಇಟ್ಟಿಲ್ಲ.

ಇವತ್ತು ನೋಡಿದರೆ ಮೊದಲ ದಿನದ್ದು ಎಂದು ಉಳಿದಿರುವುದು ಪಂಪು ಮತ್ತು ಚೀಲ ಮಾತ್ರ. ಪ್ಲಗ್ಗು, ವೈರು, ಹೋಸಿನ ತುದಿ, ಮೀಟರು, ಸೂಜಿ, ಅಂಟು ಎಲ್ಲ ಒಂದೊಂದಾಗಿ ಹೋದವು. ಹಾಗಾದರೆ ಕಿಟ್ ದಂಡವೇ ಎಂದು ಕೇಳಿದರೆ ಅಲ್ಲ ಎನ್ನುತ್ತೇನೆ. ಮೋಟಾರು ಮಾಡಿದವನಿಗೆ ಕೆಲಸ ಗೊತ್ತಿದೆ. ಮಿಕ್ಕದ್ದನ್ನು ಚೀಲಕ್ಕೆ ತುಂಬಿದವನು ಮಾತ್ರ ರಸ್ತೆ ಬದಿಯಲ್ಲಿ ಮಂಡಿಯೂರಿ ಒಮ್ಮೆಯೂ ಪಂಕ್ಚರ್ ಹಾಕಿದವನಲ್ಲ.

ಮೊದಲು ಕೈಕೊಟ್ಟದ್ದು ಪ್ಲಗ್ಗು. ಬೈಕಿನ ಹಿಂದಿನ ಚಕ್ರಕ್ಕೆ ಮೊಳೆ ಹೊಕ್ಕಿತ್ತು, ಸೂರ್ಯ ಮುಳುಗಲು ಅರ್ಧ ಗಂಟೆ ಇತ್ತು. ಬತ್ತಿ ತೂರಿಸಿದ್ದು ಚೆನ್ನಾಗಿಯೇ ಆಯಿತು. ಹ್ಯಾಂಡಲಿನ ಪಕ್ಕದ ಚಾರ್ಜಿಂಗ್ ಸಾಕೆಟ್ಟಿಗೆ ಪಂಪು ಸಿಕ್ಕಿಸಿ ಸ್ವಿಚ್ ಒತ್ತಿದೆ. ಎರಡು ಸೆಕೆಂಡು ಗೊರಗೊರ ಎಂದು ತಣ್ಣಗಾಯಿತು. ಪಂಪು ಕೆಟ್ಟಿರಲಿಲ್ಲ, ಬೈಕಿನ ಫ್ಯೂಸ್ ಹೋಗಿತ್ತು. ಪಂಪಿಗೆ ಬೇಕಾದದ್ದು ಸುಮಾರು 10 ಆಂಪಿಯರ್. ಆ ಸಾಕೆಟ್ಟಿಗೆ ಕಂಪನಿ ಇಟ್ಟಿದ್ದ ಫ್ಯೂಸ್ 5 ಆಂಪಿಯರಿನದು. ಮೊಬೈಲಿಗೆ ಕರೆಂಟ್ ಬರುತ್ತಿದ್ದುದೂ ಅದೇ ಸಾಲಿನಿಂದ, ಹಾಗಾಗಿ ಗಾಳಿಯ ಜೊತೆ ಮ್ಯಾಪೂ ಹೋಯಿತು. ಬೈಕಿನವರಿಗೆ ಸಾಕೆಟ್ ಸಾಲುವುದಿಲ್ಲ ಎಂಬ ಒಂದು ಸಾಲು ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ. 'ಕಾರು, ಬೈಕು ಎರಡಕ್ಕೂ' ಎಂದು ಮಾತ್ರ ದಪ್ಪಕ್ಷರದಲ್ಲಿತ್ತು.

ಮನೆಗೆ ಬಂದವನೇ ಬ್ಯಾಟರಿಯಿಂದ ನೇರವಾಗಿ ಒಂದು ವೈರು ಎಳೆದು, ಬ್ಯಾಟರಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಹಾಕಿ, ಸೀಟಿನ ಕೆಳಗೆ ಎರಡು ಪಿನ್ನಿನ ಕನೆಕ್ಟರ್ ಬಿಟ್ಟೆ. ಇದನ್ನು ಮಾಡುವಾಗ ಎರಡು ವಿಷಯ ನೋಡಿಕೊಳ್ಳಿ. ಬ್ಯಾಟರಿ ಕಡೆಯ ಕನೆಕ್ಟರಿನಲ್ಲಿ ಬೆತ್ತಲೆಯಾಗಿ ಹೊರಗೆ ಕಾಣುವ ಪಿನ್ನು ನೆಗೆಟಿವ್ ಆಗಿರಬೇಕು. ಪಾಸಿಟಿವ್ ಹೊರಗಿದ್ದರೆ ಚಾಸಿಗೆ ತಾಗಿದೊಡನೆ ಶಾರ್ಟ್. ಇನ್ನೊಂದು ತಂತಿಯ ದಪ್ಪ. ಮೂರು ಮೀಟರ್ ಉದ್ದದ, 1 ಚದರ ಮಿಲಿಮೀಟರಿನ ವೈರಿನಲ್ಲಿ 10 ಆಂಪಿಯರ್ ಹರಿದರೆ ಹೋಗಿ ಬರುವ ದಾರಿಯಲ್ಲೇ ಒಂದು ವೋಲ್ಟ್ ಕರಗಿಹೋಗುತ್ತದೆ. ಕಿಟ್ ಜೊತೆ ಬಂದಿದ್ದ ವೈರು ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಪಂಪು ಏದುಸಿರು ಬಿಡುತ್ತಿತ್ತು. 2.5 ಚದರ ಮಿಲಿಮೀಟರಿನದಕ್ಕೆ ಬದಲಾಯಿಸಿದ ಮೇಲೆ ಅದೇ ಪಂಪಿನ ಸದ್ದೇ ಬೇರೆಯಾಯಿತು.

ಕಾರಿನಲ್ಲಿ ಸಾಕೆಟ್ಟಿನ ತೊಂದರೆ ಇರಲಿಲ್ಲ, ಆದರೆ ಅಲ್ಲೂ ಆ ಪ್ಲಗ್ಗು ಸುಮ್ಮನಿರಲಿಲ್ಲ. ಲೈಟರ್ ಪ್ಲಗ್ಗಿನ ತುದಿಯಲ್ಲಿ ಒಂದು ತಿರುಪಿನ ಮುಚ್ಚಳ, ಒಳಗೆ ಗಾಜಿನ ಫ್ಯೂಸು, ಸ್ಪ್ರಿಂಗು. ಕಚ್ಚಾ ರಸ್ತೆಯ ಕುಲುಕಾಟಕ್ಕೆ ಮುಚ್ಚಳ ತಾನಾಗಿ ಸಡಿಲಗೊಂಡು ಮೂರೂ ಸಾಮಾನು ಚೀಲದೊಳಗೆ ದಿಕ್ಕಾಪಾಲು. ಫ್ಯೂಸ್ ಸಿಕ್ಕಿತು, ಸ್ಪ್ರಿಂಗ್ ಸಿಗಲಿಲ್ಲ. ಅವತ್ತು ಬಾಲ್‌ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಿ ಕೆಲಸ ಸಾಗಿಸಿದೆ. ಯಾರೂ ಇದನ್ನು ಅನುಸರಿಸಬೇಡಿ, ಕೆಂಪಗೆ ಕಾದಿತ್ತು.

ಇನ್ನು ಮೀಟರು. ಈ ವಿಮರ್ಶೆ ಬರೆಯಲು ಕೂತದ್ದೇ ಅದರ ಮೇಲಿನ ಸಿಟ್ಟಿಗೆ. ಪಂಪಿನ ತಲೆಯ ಮೇಲೆ ಮುಳ್ಳಿನ ಮೀಟರು, ನೋಡಲು ಚೆಂದ. ಹಿಂದಿನ ಟಯರಿಗೆ 36 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಬೈಕಿನ ಸ್ಟಿಕ್ಕರ್ ಹೇಳುತ್ತದೆ, ನಾನೂ ನಿಷ್ಠೆಯಿಂದ 36ಕ್ಕೆ ನಿಲ್ಲಿಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಬೈಕು ತಿರುವಿಗೆ ಮಲಗಲು ಸೋಮಾರಿತನ ಮಾಡುತ್ತಿತ್ತು, ಸಾಮಾನಿನ ಭಾರ ಅಂದುಕೊಂಡೆ. ಟಯರಿನ ಅಂಚುಗಳು ಬೇಗ ಸವೆದವು, ರಸ್ತೆ ಒರಟು ಅಂದುಕೊಂಡೆ. ಒಂದು ದಿನ ಜೊತೆಗಿದ್ದ ಗೆಳೆಯ ತನ್ನ ಕೈಮೀಟರ್ ಇಟ್ಟು ನೋಡಿದ. 32. ಅವನಿಗೆ ನಗು. "ನಿನ್ನ ಮನಸ್ಸು ನೋಯಬಾರದು ಅಂತ ನಿನ್ನ ಮೀಟರು ಸುಳ್ಳು ಹೇಳ್ತಿದೆ ಕಣೋ."

ಎಲ್ಲ ತಪ್ಪೂ ಮೀಟರಿನದಲ್ಲ ಎಂದು ಆಮೇಲೆ ಗೊತ್ತಾಯಿತು. ಪಂಪು ಓಡುತ್ತಿರುವಾಗ ಆ ಮುಳ್ಳು ತೋರಿಸುವುದು ಹೋಸಿನೊಳಗಿನ ಒತ್ತಡವನ್ನು, ಟಯರಿನದನ್ನಲ್ಲ. ವಾಲ್ವಿನ ಕಿರಿದಾದ ಬಾಯಿಯಲ್ಲಿ ನುಗ್ಗಲು ಗಾಳಿ ಒತ್ತರಿಸಿ ನಿಂತಿರುತ್ತದೆ, ಹಾಗಾಗಿ ಅಲ್ಲಿ ಒತ್ತಡ ಜಾಸ್ತಿ. ನಿಲ್ಲಿಸಿ ನೋಡಬೇಕು. ನಿಲ್ಲಿಸಿ ನೋಡಿದಾಗಲೂ ನನ್ನದು ಎರಡು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಅದು ಮಾತ್ರ ಅದರದೇ ಪಾಪ. ಈಗ ಬೇರೆ ಕೈಮೀಟರ್ ಇಟ್ಟುಕೊಂಡಿದ್ದೇನೆ. ಪಂಪಿನ ಮುಳ್ಳನ್ನು, ಗಾಳಿ ಹೋಗುತ್ತಿದೆಯೋ ಇಲ್ಲವೋ ಎಂದು ತಿಳಿಯಲಷ್ಟೇ ನೋಡುತ್ತೇನೆ.

ಮೀಟರ್ ಸರಿಯಿದ್ದರೂ ಯಾವಾಗ ನೋಡಿದಿರಿ ಎಂಬುದು ಮುಖ್ಯ. ಸ್ಟಿಕ್ಕರಿನ ಅಂಕಿ ತಣ್ಣಗಿರುವ ಟಯರಿನದು. ಒಳಗಿನ ಗಾಳಿ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಒಂದೂವರೆ, ಎರಡು ಪಿಎಸ್‌ಐ ಏರುತ್ತದೆ. ಮಧ್ಯಾಹ್ನ ಓಡಿಸಿ ನಿಲ್ಲಿಸಿದ ಟಯರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲೇ ಹೊರಡುತ್ತೀರಿ. ಎತ್ತರದ ಘಟ್ಟ ಏರುವವರಿಗೆ ಇನ್ನೊಂದು ಲೆಕ್ಕ. ಸಮುದ್ರ ಮಟ್ಟದಿಂದ 4000 ಮೀಟರ್ ಏರಿದರೆ ಹೊರಗಿನ ವಾಯುಭಾರ ಐದೂವರೆ ಪಿಎಸ್‌ಐಯಷ್ಟು ಇಳಿಯುತ್ತದೆ, ಮೀಟರಿನಲ್ಲಿ ಟಯರ್ ಅಷ್ಟೇ ಬಿಗಿಯಾದಂತೆ ಕಾಣುತ್ತದೆ. ಆದರೆ ಮೇಲೆ ಚಳಿಯೂ ಇರುತ್ತದಲ್ಲ, 25 ಡಿಗ್ರಿ ತಣ್ಣಗಾದರೆ ನಾಲ್ಕು ಪಿಎಸ್‌ಐ ವಾಪಸ್ ಹೋಗುತ್ತದೆ. ಒಂದಕ್ಕೊಂದು ಹೆಚ್ಚುಕಡಿಮೆ ವಜಾ. ಅದಕ್ಕೇ ಘಟ್ಟದ ತುದಿಯಲ್ಲಿ ನಿಂತು ಗಾಳಿ ಬಿಡುವ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ಅಲ್ಲಿ ಗಾಳಿ ಹೊಡೆಯಬೇಕಾಗಿ ಬಂದರೆ ಮಾತ್ರ ತಾಳ್ಮೆ ಬೇಕು. ಆ ಎತ್ತರದಲ್ಲಿ ಗಾಳಿ ತೆಳು, ಪಂಪಿನ ಒಂದೊಂದು ಗುಟುಕಿಗೂ ಸಿಗುವುದೇ ಕಡಿಮೆ. ಕೆಳಗೆ ಮೂರು ನಿಮಿಷದಲ್ಲಿ ತುಂಬುವ ಬೈಕಿನ ಟಯರಿಗೆ ಮೇಲೆ ಐದು ನಿಮಿಷ ಹಿಡಿಯಿತು.

ಗಡಿ ದಾಟುವವರು ಒಂದು ಚೀಟಿ ಬರೆದಿಟ್ಟುಕೊಳ್ಳಿ: 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಅಂದರೆ 14.5 ಪಿಎಸ್‌ಐ. ಒಂದೊಂದು ಕಡೆಯ ಗಾಳಿ ಯಂತ್ರ ಒಂದೊಂದು ಭಾಷೆ ಮಾತಾಡುತ್ತದೆ. ವಾಲ್ವಿನ ವಿಷಯದಲ್ಲಿ ಆ ಗೊಂದಲವಿಲ್ಲ. ಟಯರಿಗೆ ಗಾಳಿ ಹೋಗುವ ಈ ಶ್ರೇಡರ್ ವಾಲ್ವ್ 1890ರ ದಶಕದ್ದು, ಕಾರಿಗೂ ಬೈಕಿಗೂ, ಯಾವ ದೇಶಕ್ಕೆ ಹೋದರೂ ಅದೇ ಬಾಯಿ, ಅದೇ ತಿರುಪು. ಒಂದೇ ಪಂಪು ಎರಡೂ ಗಾಡಿಗೆ ಸಾಕಾಗುವುದು ಆ ಪುಣ್ಯದಿಂದ.

ಆ ಬಾಯಿಗೆ ಕಚ್ಚಿಕೊಳ್ಳುವ ಹೋಸಿನ ತುದಿ ಮಾತ್ರ ಈ ಕಿಟ್‌ನಲ್ಲಿ ದರಿದ್ರ. ತಿರುಗಿಸಿ ಬಿಗಿಯುವ ಹಿತ್ತಾಳೆಯ ನಟ್ಟು. ಬಿಚ್ಚುವಾಗ ಎರಡು ಪಿಎಸ್‌ಐ ಹೊರಗೆ ಹೋಗುತ್ತದೆ, ಅದಿರಲಿ. ಒಮ್ಮೆ ಬಿಚ್ಚುವಾಗ ವಾಲ್ವಿನ ಒಳಗಿನ ಕಡ್ಡಿಯೂ ನಟ್ಟಿನ ಜೊತೆಗೇ ತಿರುಗಿ ಸಡಿಲವಾಯಿತು. ನನಗೆ ಗೊತ್ತಾಗಲಿಲ್ಲ. ನಟ್ಟು ತೆಗೆದದ್ದೇ ತಡ, ಕಡ್ಡಿ ಬಂದೂಕಿನ ಗುಂಡಿನಂತೆ ಹಾರಿ ಹುಲ್ಲಿನಲ್ಲಿ ಬಿತ್ತು, ಆಗಷ್ಟೇ ತುಂಬಿದ ಟಯರ್ ಪೂರಾ ಕೂತಿತು. ನಲವತ್ತು ನಿಮಿಷ ಹುಲ್ಲು ಬಾಚಿದೆ. ಅಂದಿನಿಂದ ಕಡ್ಡಿ ಬಿಗಿಯುವ ಪುಟ್ಟ ಸಾಧನ, ಎರಡು ಹೆಚ್ಚುವರಿ ಕಡ್ಡಿ ಚೀಲದಲ್ಲಿ ಖಾಯಂ. ಬೆರಳ ಉಗುರಿನಷ್ಟು ಜಾಗ ಸಾಕು ಅವಕ್ಕೆ. ಬೈಕಿನ ಮುಂದಿನ ಚಕ್ರದಲ್ಲಿ ಡಿಸ್ಕ್ ಅಡ್ಡ ಬಂದು ನಟ್ಟು ಕೂರುವುದೂ ಇಲ್ಲ. ಅದಕ್ಕೊಂದು ಲಂಬಕೋನದ ಮೂತಿ ಬೇಕಾಯಿತು. ಗಾಳಿ ಹೊಡೆದ ಮೇಲೆ ಆ ಮೂತಿಯನ್ನು ತೆಗೆದುಬಿಡಿ. ಚಕ್ರ ವೇಗವಾಗಿ ತಿರುಗುವಾಗ ಅದರ ಭಾರ ವಾಲ್ವನ್ನು ಹೊರಗೆ ಜಗ್ಗುತ್ತದೆ.

ಪಂಕ್ಚರ್ ಸಾಮಾನಿನ ಬಗ್ಗೆ ಹೇಳುವುದು ಕಡಿಮೆ. ರೀಮರಿನ ಪ್ಲಾಸ್ಟಿಕ್ ಹಿಡಿಕೆ ಎರಡನೇ ಪಂಕ್ಚರಿಗೇ ಕೈಯಲ್ಲಿ ಮುರಿಯಿತು. ಒಳಗೆ ಉಕ್ಕಿನ ತಂತಿಯ ಪದರವಿರುವ ಸ್ಟೀಲ್ ಬೆಲ್ಟಿನ ಟಯರಿನಲ್ಲಿ ರೀಮರ್ ತಿರುಗಿಸಲು ಮೈಭಾರವೆಲ್ಲ ಹಾಕಬೇಕು, ಕಬ್ಬಿಣದ ಟಿ ಹಿಡಿಕೆ ಇಲ್ಲದಿದ್ದರೆ ಅಂಗೈ ಹರಿಯುತ್ತದೆ. ಅಂಟಿನ ಟ್ಯೂಬು ಒಮ್ಮೆ ತೆರೆದರೆ ಮುಗಿಯಿತು, ಮುಂದಿನ ಸಲಕ್ಕೆ ಒಳಗೆ ಕಲ್ಲಾಗಿರುತ್ತದೆ. ದೊಡ್ಡದೊಂದರ ಬದಲು ತೆರೆಯದ ಚಿಕ್ಕವು ಮೂರಿರಲಿ. ಮೊಳೆ ಕೀಳುವ ಮೊದಲು ಅದು ಯಾವ ಓರೆಯಲ್ಲಿ ಹೋಗಿದೆ ನೋಡಿಕೊಂಡು ಅದೇ ಓರೆಯಲ್ಲಿ ರೀಮರ್ ಹಾಕಿ. ಇಲ್ಲದಿದ್ದರೆ ಒಂದು ತೂತಿದ್ದಲ್ಲಿ ಎರಡಾಗುತ್ತದೆ. ನೆಲ ಮುಟ್ಟುವ ಭಾಗದಲ್ಲಿ, 6 ಮಿಲಿಮೀಟರ್ ಒಳಗಿನ ತೂತಾದರೆ ಸರಿ. ಸೈಡ್‌ವಾಲಿಗೆ, ಅಂದರೆ ಟಯರಿನ ಪಕ್ಕದ ಗೋಡೆಗೆ, ಬತ್ತಿ ಇಲ್ಲವೇ ಇಲ್ಲ. ಹಾಕಿದ ಬತ್ತಿಯೂ ಊರು ಮುಟ್ಟಿಸಲಷ್ಟೇ. ಆಮೇಲೆ ಟಯರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಬೇಕು. ಬೈಕಿನಲ್ಲಂತೂ ಅಲ್ಲಿಯವರೆಗೆ ನಿಧಾನ.

ಸ್ಪೋಕ್ ಚಕ್ರ, ಒಳಗೆ ಟ್ಯೂಬು ಇರುವ ಬೈಕಿನವರಿಗೆ ಈ ಕಿಟ್‌ನ ಅರ್ಧ ಭಾಗ ಹೊರೆ. ಅವರಿಗೆ ಟಯರ್ ಕಳಚುವ ಲಿವರ್, ಪ್ಯಾಚ್, ಒಂದು ಹೆಚ್ಚುವರಿ ಟ್ಯೂಬು ಬೇಕು. ರಿಮ್ಮಿಗೆ ಕಚ್ಚಿದ ಬೀಡ್ (ಟಯರಿನ ಒಳ ಅಂಚು) ಬಿಡಿಸಲು ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಟಯರಿನ ಮೇಲೆ ಊರಬೇಕು. ಪಂಪು ಮಾತ್ರ ಅವರಿಗೂ ಬೇಕು.

ಆ ಪಂಪಿಗೆ ನಾನು ನಿಜವಾಗಿ ತಲೆಬಾಗಿದ್ದು ಮರಳಿನಲ್ಲಿ. ಕಾರನ್ನು ಮರಳಿಗೆ ಇಳಿಸುವ ಮುಂಚೆ ನಾಲ್ಕೂ ಟಯರಿನ ಗಾಳಿಯನ್ನು 35ರಿಂದ 18ಕ್ಕೆ ಇಳಿಸಿದೆವು. ಟಯರ್ ಚಪ್ಪಟೆಯಾಗಿ ಉದ್ದಕ್ಕೆ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಆಚೆ ಗಟ್ಟಿ ರಸ್ತೆ ಸಿಕ್ಕಾಗ ಮತ್ತೆ ತುಂಬಬೇಕು, ಕಡಿಮೆ ಗಾಳಿಯಲ್ಲಿ ವೇಗವಾಗಿ ಹೋದರೆ ಟಯರ್ ಮಡಚಿ ಮಡಚಿ ಕಾದು ಸಿಡಿಯುತ್ತದೆ. ಒಂದೊಂದಕ್ಕೆ ಆರು ನಿಮಿಷ. ಎಣ್ಣೆಯಿಲ್ಲದ ಪಿಸ್ಟನ್ನಿನ ಪಂಪು ಇದು, ಹತ್ತು ನಿಮಿಷ ಓಡಿದರೆ ಹತ್ತು ಹದಿನೈದು ನಿಮಿಷ ತಣ್ಣಗಾಗಲು ಬಿಡಬೇಕು. ಸಿಲಿಂಡರಿನ ಮೇಲೆ ಕೈ ಇಟ್ಟರೆ ಬೊಬ್ಬೆ ಬರುತ್ತದೆ. ನಾಲ್ಕು ಟಯರು, ನಡುವೆ ವಿಶ್ರಾಂತಿ, ಒಟ್ಟು ಮುಕ್ಕಾಲು ಗಂಟೆ. ದೊಡ್ಡ ಪಂಪಿನವರು ಹತ್ತು ನಿಮಿಷದಲ್ಲಿ ಮುಗಿಸಿ ಹೊರಟರು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು, ಆದರೆ ಅವರದು ಬೈಕಿನ ಬ್ಯಾಗಿಗೆ ಹಿಡಿಸುವುದಿಲ್ಲ.

ಅದರ ಕೈಲಾಗದ ಒಂದು ಕೆಲಸ, ರಿಮ್ಮಿನಿಂದ ಪೂರ್ತಿ ಕಳಚಿದ ಟ್ಯೂಬ್‌ಲೆಸ್ ಟಯರನ್ನು ಕೂರಿಸುವುದು. ಅದಕ್ಕೆ ಒಮ್ಮೆಲೇ ನುಗ್ಗುವ ಗಾಳಿ ಬೇಕು, ಇದು ಹನಿಹನಿಯಾಗಿ ಬಿಡುತ್ತದೆ, ಸಂದಿಯಲ್ಲೇ ಎಲ್ಲ ಸೋರಿಹೋಗುತ್ತದೆ. ಬೈಕಿನ ಚಕ್ರವಾದರೆ ಸಾಮಾನು ಬಿಗಿಯುವ ರ್‍ಯಾಚೆಟ್ ಪಟ್ಟಿಯನ್ನು ಟಯರಿನ ಸುತ್ತ ಕಟ್ಟಿ ಎಳೆದು, ಅಂಚಿಗೆ ಸೋಪು ನೀರು ಸವರಿ, ವಾಲ್ವಿನ ಕಡ್ಡಿ ತೆಗೆದು ಹೊಡೆದರೆ ಕೆಲವು ಸಲ ಟಪ್ ಎಂದು ಕೂರುತ್ತದೆ. ನನಗೆ ಮೂರು ಪ್ರಯತ್ನಕ್ಕೆ ಒಮ್ಮೆ ಕೂತಿದೆ. ಕಾರಿನದಕ್ಕೆ ಕೈಮುಗಿದು ಸ್ಟೆಪ್ನಿ ಹಾಕಿಕೊಂಡೆ.

ಚಾರ್ಜ್ ಮಾಡುವ ಬ್ಯಾಟರಿ ಪಂಪು ತಗೋಬಾರದಾ ಎಂದು ಹಲವರು ಕೇಳುತ್ತಾರೆ. ನಿತ್ಯದ ಓಡಾಟಕ್ಕೆ ತಗೊಳ್ಳಿ, ಹಗುರ, ವೈರಿನ ರಗಳೆಯಿಲ್ಲ. ವಾರಗಟ್ಟಲೆ ಹೊರಗಿರುವ ಪ್ರಯಾಣದಲ್ಲಿ ನನಗೆ ಅದರ ಮೇಲೆ ನಂಬಿಕೆಯಿಲ್ಲ. ಚಳಿಗೆ ಲಿಥಿಯಂ ಬ್ಯಾಟರಿ ಸೊರಗುತ್ತದೆ, ಚಾರ್ಜ್ ಮಾಡಲು ಮರೆತದ್ದು ಪಂಕ್ಚರ್ ಆದ ಮೇಲೇ ನೆನಪಾಗುತ್ತದೆ. ಎಂಜಿನ್ ಇದ್ದಷ್ಟು ಹೊತ್ತು ನನ್ನ ಪಂಪಿಗೆ ಕರೆಂಟ್ ಇದೆ.

ಹೋದ ತಿಂಗಳಿಂದ ಸದ್ದಿನಲ್ಲಿ ಒಂದು ಸಣ್ಣ ಶಿಳ್ಳೆ ಸೇರಿಕೊಂಡಿದೆ, 36ಕ್ಕೆ ಏರಲು ಅರ್ಧ ನಿಮಿಷ ಹೆಚ್ಚು ತೆಗೆದುಕೊಳ್ಳುತ್ತಿದೆ. ಪಿಸ್ಟನ್ನಿನ ಸೀಲು ಸವೆದಿರಬೇಕು. ಮೇಲಿನ ನಾಲ್ಕು ಸ್ಕ್ರೂ ಬಿಚ್ಚಿದರೆ ತಲೆ ಕೈಗೆ ಬರುತ್ತದೆ, ಒಳಗಿನ ಸೀಲಿನ ಅಳತೆ ತೆಗೆದುಕೊಂಡಿದ್ದೇನೆ. ಅದನ್ನೂ ಬದಲಾಯಿಸಿದ ಮೇಲೆ, ಅಂಗಡಿಯಿಂದ ತಂದದ್ದು ಎಂದು ಹೇಳಿಕೊಳ್ಳಲು ಚೀಲ ಉಳಿಯುತ್ತದೆ. ಅದರ ಜಿಪ್ಪೂ ಮೊನ್ನೆ ಕಿತ್ತುಕೊಂಡಿದೆ.