ಹಳೆ ಸಿಡಿ ಪ್ಲೇಯರ್‌ಗೆ ಬೇಕಿದ್ದದ್ದು ಎರಡು ಕೆಪಾಸಿಟರ್

ಎಂಟು ತಿಂಗಳಿಂದ ದಿನಾ ಕೇಳುತ್ತಿರುವ ಪ್ಲೇಯರ್ ಇದು. 80ರ ದಶಕದ ಕೊನೆಯದು. ಒಳಗೆ ಫಿಲಿಪ್ಸ್‌ನ ಟಿಡಿಎ1541ಎ ಡ್ಯಾಕ್ ಚಿಪ್ (ಡಿಸ್ಕಿನ ಅಂಕಿಗಳನ್ನು ಧ್ವನಿಯ ವಿದ್ಯುತ್ ಸಂಕೇತ ಮಾಡುವುದು), ಅದಕ್ಕೂ ಮುಂಚೆ ಆ ಅಂಕಿಗಳ ನಡುವೆ ಹೊಸವನ್ನು ಲೆಕ್ಕಹಾಕಿ ತುಂಬುವ, ಅಂದರೆ 4 ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡುವ ಎಸ್‌ಎಎ7220. ಈ ಜೋಡಿ ಆಗಿನ ಹಲವು ಬ್ರ್ಯಾಂಡ್‌ಗಳ ಪ್ಲೇಯರ್‌ಗಳಲ್ಲಿ ಇತ್ತು, ಹಾಗಾಗಿ ನಾನು ಹೇಳುವುದು ಒಂದೇ ಮಾಡೆಲ್‌ನ ಮಾತಲ್ಲ.

ತಂದ ದಿನ ನಿರಾಸೆಯಾಯಿತು. ಟ್ರೇ ಅರ್ಧಕ್ಕೆ ನಿಲ್ಲುತ್ತಿತ್ತು, ಅದು ಬೆಲ್ಟ್ ಸಡಿಲವಾದದ್ದು, ಹೊಸದು ಹಾಕಿದೆ, ಸರಿಹೋಯಿತು. ಆದರೆ ಧ್ವನಿ ತೆಳು. ಪಿಯಾನೋದ ಎಡಗೈ ಸ್ವರಗಳಿಗೆ ತೂಕವೇ ಇಲ್ಲ, ಡಬಲ್ ಬಾಸ್ ಎಲ್ಲೋ ದೂರದಲ್ಲಿ. ಹಳೆ ಡಿಜಿಟಲ್ ಅಂದರೆ ಹೀಗೇ ಇರತ್ತೆ ಅಂತ ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ, ಅಥವಾ ನೇರ ಆಪ್-ಆಂಪ್ (ಡ್ಯಾಕ್ ಆದಮೇಲೆ ಸಂಕೇತ ಹೊರಕಳಿಸುವ ಪುಟ್ಟ ಆಂಪ್ಲಿಫೈಯರ್ ಚಿಪ್) ಬದಲಿಸಲು ಕೂರುತ್ತಾರೆ. ಎರಡೂ ಬೇಡ. ಮೊದಲು ಕೆಟ್ಟಿರುವುದು ಏನು ಅಂತ ಹುಡುಕಿ.

ಹುಡುಕಲು ದೊಡ್ಡ ಉಪಕರಣ ಬೇಕಿಲ್ಲ. ಪ್ಲೇಯರ್‌ನ ಹಿಂದೆ ಎಡ, ಬಲ ಕೇಬಲ್‌ಗಳನ್ನು ಅದಲುಬದಲು ಮಾಡಿದೆ. ಅಲ್ಲಿಯವರೆಗೆ ಎಡ ಸ್ಪೀಕರ್‌ನಲ್ಲಿ ಹೆಚ್ಚು ತೆಳುವಾಗಿದ್ದ ಬಾಸ್ ಈಗ ಬಲಕ್ಕೆ ಹೋಯಿತು. ಅಂದರೆ ತಪ್ಪು ಸ್ಪೀಕರ್‌ದೂ ಅಲ್ಲ, ಆಂಪ್ಲಿಫೈಯರ್‌ದೂ ಅಲ್ಲ, ಪ್ಲೇಯರ್ ಒಳಗೇ ಇದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದು, ಔಟ್‌ಪುಟ್ ಹತ್ತಿರದ ಎರಡು ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸಂಗೀತ ಮಾತ್ರ ಹೊರಗೆ ಬಿಡುವವು) ಬಿಚ್ಚಿ ಅಳೆದೆ. ಮೇಲೆ 22 ಮೈಕ್ರೋಫ್ಯಾರಡ್ ಅಂತ ಇದೆ. ಎಡಗಡೆಯದು 0.4ಕ್ಕೆ ಇಳಿದಿತ್ತು! ನನ್ನ ಆಂಪ್ಲಿಫೈಯರ್‌ನ ಇನ್‌ಪುಟ್ 10 ಕಿಲೋ ಓಮ್. ಲೆಕ್ಕ ಹಾಕಿದರೆ 40 ಹರ್ಟ್ಸ್ ಹತ್ತಿರವೇ 3 ಡೆಸಿಬೆಲ್ ಬಿದ್ದಿರುತ್ತದೆ, ಅದರ ಕೆಳಗೆ ಇನ್ನೂ ಜಾಸ್ತಿ. ಬಲಗಡೆಯದೂ ಸೊರಗಿತ್ತು, ಇಷ್ಟಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ದ್ರವ ವರ್ಷ ಕಳೆದಂತೆ ಒಣಗುತ್ತದೆ, ಬಿಸಿ ತಾಗುವ ಕಡೆ ಬೇಗ ಒಣಗುತ್ತದೆ, ಅಷ್ಟೇ ಕಾರಣ. ಎರಡನ್ನೂ ಬದಲಿಸಿ ಅದೇ ಡಿಸ್ಕ್ ಹಾಕಿದೆ. ಡಬಲ್ ಬಾಸ್‌ನ ತಂತಿ ಮಾತ್ರ ಅಲ್ಲ, ಅದರ ಮರದ ಒಡಲೂ ಕೇಳಿಸಿತು. ಆ ಸಂಜೆ ನಾನು ಪ್ಲೇಯರ್ ಆಫ್ ಮಾಡಲೇ ಇಲ್ಲ.

ಆಮೇಲೆ ಆಸೆ ಹೆಚ್ಚಾಯಿತು. ಇದ್ದದ್ದು ಎನ್‌ಇ5532, ತುಂಬ ಒಳ್ಳೆಯ ಆಪ್-ಆಂಪ್. ಅದನ್ನು ತೆಗೆದು ಸಾಕೆಟ್ ಬೆಸುಗೆ ಹಾಕಿ ಓಪಿಎ2134 ಕೂರಿಸಿದೆ. ಮೊದಲ ಹತ್ತು ನಿಮಿಷ ಅದ್ಭುತ ಅನ್ನಿಸಿತು. ನಿಜವಾ ಅಂತ ನೋಡಲು ಅದೇ ಸರ್ಕ್ಯೂಟಿನ ಇನ್ನೊಂದು ಪ್ಲೇಯರನ್ನು ಗೆಳೆಯನಿಂದ ತಂದು, ಅದರ ಕೆಪಾಸಿಟರ್‌ಗಳನ್ನೂ ಬದಲಿಸಿ, ಎನ್‌ಇ5532 ಹಾಗೇ ಬಿಟ್ಟೆ. ಎರಡರಲ್ಲೂ ಒಂದೇ ಡಿಸ್ಕಿನ ಪ್ರತಿ. 400 ಹರ್ಟ್ಸ್ ಟೋನ್ ಹಾಕಿ ಸ್ಪೀಕರ್ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು, ಎರಡೂ ಶೇಕಡಾ 1ರ ಒಳಗೆ ಬರುವ ಹಾಗೆ ಸರಿಮಾಡಿದೆವು (ಸಾಧಾರಣ ಮೀಟರ್‌ಗಳು ಇದಕ್ಕಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ಹೇಳುತ್ತವೆ, 1 ಕಿಲೋಹರ್ಟ್ಸ್ ಟೋನ್ ನಂಬಬೇಡಿ). ಯಾವುದು ಓಡುತ್ತಿದೆ ಅಂತ ನನಗೆ ಕಾಣದ ಹಾಗೆ ಗೆಳೆಯ ಬದಲಿಸುತ್ತಾ ಹೋದ. 16 ಸಲ ಕೇಳಿದೆ, 9 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು ಅಲ್ವಾ?

ಇನ್ನೂ ವೇಗದ ಆಪ್-ಆಂಪ್ ಹಾಕುವವರಿಗೆ ಒಂದು ಮಾತು. ಪಿನ್ನಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಡಿಕಪ್ಲಿಂಗ್ ಕೆಪಾಸಿಟರ್ (ಚಿಪ್‌ನ ವಿದ್ಯುತ್ ಪೂರೈಕೆ ಸ್ಥಿರವಾಗಿಡುವುದು) ಇಲ್ಲದಿದ್ದರೆ ಅದು ಆಸಿಲೇಟ್ ಆಗಬಹುದು, ಅಂದರೆ ತಾನಾಗೇ ಕಂಪಿಸಬಹುದು, ಚಿಪ್ ಸುಡುವಷ್ಟು ಬಿಸಿಯಾಗಬಹುದು. ಕೆಲವರು ಎಸ್‌ಎಎ7220 ಅನ್ನೇ ತೆಗೆದು ನೇರ ಡ್ಯಾಕ್‌ಗೆ ಕೊಡುತ್ತಾರೆ, ಧ್ವನಿ ಮೃದುವಾಯಿತು ಅನ್ನುತ್ತಾರೆ. ಹಾಗೆ ಮಾಡಿದರೆ 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 3 ಡೆಸಿಬೆಲ್ ಕಡಿಮೆಯಾಗುತ್ತದೆ. ಆ ಮೃದುತನ ಬಹುಪಾಲು ಅಲ್ಲಿಂದಲೇ ಬರುವುದು. ನಾನು ಅದಕ್ಕೆ ಕೈ ಹಾಕಲಿಲ್ಲ.

ಹೊರಗಿನ ಡ್ಯಾಕ್ ಪೆಟ್ಟಿಗೆ ಕೂಡ ಹಾಕಿ ನೋಡಿದೆ, ಹಿಂದೆ ಕೋಆಕ್ಸಿಯಲ್ ಡಿಜಿಟಲ್ ಔಟ್ ಇದೆ. ಮೊದಲಿಗೆ ಡ್ಯಾಕ್ ಗೆದ್ದಿತು ಅನ್ನಿಸಿತು. ಅಳೆದರೆ ಪ್ಲೇಯರ್ 2 ವೋಲ್ಟ್, ಡ್ಯಾಕ್ 2.3 ವೋಲ್ಟ್. 1.2 ಡೆಸಿಬೆಲ್ ಜೋರು. ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಜೋರಾಗಿ ಕೇಳಿಸುವುದಿಲ್ಲ, ಸುಮ್ನೆ ಚೆನ್ನಾಗಿದೆ ಅನ್ನಿಸುತ್ತದೆ. ಸಮ ಮಾಡಿದ ಮೇಲೆ ಡ್ಯಾಕ್‌ನದು ಒಂದೇ ಲಾಭ ಉಳಿಯಿತು: ಹಾಡಿನ ಮಧ್ಯದ ಮೌನ ಇನ್ನೂ ಶುದ್ಧ, ಅದೂ ಹೆಡ್‌ಫೋನ್‌ನಲ್ಲಿ.

ಇಲ್ಲೊಂದು ವಿಷಯ ಯಾರೂ ಹೇಳುವುದಿಲ್ಲ, ನನಗೆ ತುಂಬ ಮುಖ್ಯ ಅನ್ನಿಸಿದ್ದು ಇದೇ. 80ರ ದಶಕದ ಕೆಲವು ಸಿಡಿಗಳಲ್ಲಿ ಪ್ರೀ-ಎಂಫಸಿಸ್ ಇದೆ. ರೆಕಾರ್ಡ್ ಮಾಡುವಾಗ ಮೇಲಿನ ಸ್ವರಗಳನ್ನು ಎತ್ತಿಟ್ಟು, 20 ಕಿಲೋಹರ್ಟ್ಸ್ ಹತ್ತಿರ ಸುಮಾರು 9.5 ಡೆಸಿಬೆಲ್‌ನಷ್ಟು, ನುಡಿಸುವಾಗ ಅಷ್ಟೇ ಇಳಿಸಬೇಕು ಅಂತ ಡಿಸ್ಕಿನಲ್ಲೇ ಗುರುತು ಹಾಕಿರುತ್ತಾರೆ. ಹಳೆ ಪ್ಲೇಯರ್ ಆ ಗುರುತು ನೋಡಿ ಇಳಿಸುತ್ತದೆ. ನನ್ನ ಡ್ಯಾಕ್ ಇಳಿಸಲಿಲ್ಲ. ಅಂಥದೊಂದು ಡಿಸ್ಕಿನಲ್ಲಿ ಸಿಂಬಲ್‌ಗಳು ಕಿವಿ ಕೊರೆದವು, ಅದೇ ಡಿಸ್ಕ್ ಹಳೆ ಪ್ಲೇಯರ್‌ನ ಅನಲಾಗ್ ಔಟ್‌ನಲ್ಲಿ ಹಿತವಾಗಿತ್ತು. ಹಳೆ ಸಿಡಿಗಳ ಸಂಗ್ರಹ ಇರುವವರು ಡ್ಯಾಕ್ ತರುವ ಮುಂಚೆ ಇದೊಂದನ್ನು ವಿಚಾರಿಸಿ.

ಈಗ ಡ್ಯಾಕ್ ಹೆಡ್‌ಫೋನ್‌ಗೆ ಮಾತ್ರ, ಸ್ಪೀಕರ್‌ಗೆ ಪ್ಲೇಯರ್‌ನ ಸ್ವಂತ ಔಟ್‌ಪುಟ್. ಓಪಿಎ2134 ಅಲ್ಲೇ ಇದೆ, ತೆಗೆಯಲು ಕಾರಣ ಇಲ್ಲ. ಉಳಿದ ಚಿಂತೆ ಲೇಸರ್‌ದು. ಲೆನ್ಸನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿದೆ, ಡಿಸ್ಕ್ ತಕ್ಷಣ ಓದುತ್ತದೆ. ಪಕ್ಕದ ಪುಟ್ಟ ಟ್ರಿಮ್ಮರ್ ತಿರುಗಿಸಿ ಲೇಸರ್‌ನ ಶಕ್ತಿ ಹೆಚ್ಚಿಸಲು ಹೋಗಬೇಡಿ, ಸ್ವಲ್ಪ ದಿನ ಚೆನ್ನಾಗಿ ಓದಿ ಆಮೇಲೆ ಪೂರ್ತಿ ಸಾಯುತ್ತದೆ. ಇದರ ಮೆಕ್ಯಾನಿಸಮ್ ಈಗ ಹೊಸದಾಗಿ ತಯಾರಾಗುವುದಿಲ್ಲ. ಹಾಗಾಗಿ ಕೆಟ್ಟ ಪ್ಲೇಯರ್ ಒಂದನ್ನು ಬರೀ ಅದರ ಲೇಸರ್‌ಗಾಗಿ ತಂದು ಎತ್ತಿಟ್ಟಿದ್ದೇನೆ.