ಅಹ್ಮದ್ ವಾಲ್ವೋ, ‘ಆಡಿ’ ಟ್ಯೂಬೋ? ಗ್ಲಾಕೋಮಾ ಟ್ಯೂಬ್ ಹಾಕುವ ಬಗೆಗಳ ಹೋಲಿಕೆ

ಡ್ರಾಪ್ಸ್ ಹಾಕಿ ಹಾಕಿ ಸಾಕಾಗಿದೆ, ಟ್ರಾಬ್ ಆಪರೇಶನ್ (ಒಳಗಿನ ನೀರು ಹೊರಹೋಗಲು ದಾರಿ ಕೊರೆಯುವುದು) ಕೂಡ ಕೈಕೊಟ್ಟಿದೆ, ಕಣ್ಣಿನ ಪ್ರೆಶರ್ ಮಾತ್ರ ಇನ್ನೂ 30ರ (ಮಿ.ಮೀ. ಪಾದರಸ) ಮೇಲೇ ಇದೆ. ಗ್ಲಾಕೋಮಾ, ಅಂದರೆ ಪ್ರೆಶರ್ ಏರಿ ಕಣ್ಣಿನ ನರ ಹಾಳಾಗುವ ರೋಗ, ಇರುವ ಇಂಥವರಿಗೆ ಕಣ್ಣಲ್ಲಿ ಟ್ಯೂಬ್ ಹಾಕುತ್ತೇವೆ. ಒಂದು ಸಣ್ಣ ಸಿಲಿಕೋನ್ ನಳಿಗೆ, ಅದರ ಹಿಂದೆ ಒಂದು ಪ್ಲೇಟ್. ನಳಿಗೆಯ ತುದಿ ಕಣ್ಣೊಳಗೆ, ಪ್ಲೇಟ್ ಹಿಂದುಗಡೆ ಬಿಳಿಗುಡ್ಡೆಯ ಮೇಲೆ. ಒಳಗಿನ ನೀರು ಪ್ಲೇಟಿನ ಸುತ್ತ ಬಂದು ಅಲ್ಲೇ ಇಂಗುತ್ತದೆ.

ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾ ಅಹ್ಮದ್, ಆಡಿ ಎಂಬ ಎರಡೂ ಬಗೆಯ ಟ್ಯೂಬ್ ಹಾಕಿದ್ದೇನೆ, ಎರಡೂ ಬಗೆಯಲ್ಲಿ ಮುಚ್ಚಿದ್ದೇನೆ. ಕಲಿಯಲು ಬರುವ ಹುಡುಗರು ಕೇಳೋದು ಯಾವಾಗಲೂ ಒಂದೇ: ಯಾವ ಕಂಪನಿದು ಒಳ್ಳೇದು ಸರ್? ನನಗೆ ಕಂಪನಿಗಿಂತ ಬೇರೆ ಎರಡು ಪ್ರಶ್ನೆ ದೊಡ್ಡವು. ರೋಗಿ ಆರನೇ ವಾರಕ್ಕೆ ವಾಪಸ್ ಬರ್ತಾರಾ? ಟ್ಯೂಬಿನ ಮೇಲೆ ಏನು ಹೊದಿಸ್ತೀರಿ?

ಮೊದಲು ಅಹ್ಮದ್ ನೋಡೋಣ. ಎಫ್‌ಪಿ7 ಮಾದರಿಯ ಪ್ಲೇಟ್ 184 ಚದರ ಮಿಲಿಮೀಟರ್. ಒಳಗೆ ತೆಳುವಾದ ಸಿಲಿಕೋನ್ ಪರೆಗಳ ವಾಲ್ವ್ ಇದೆ. ಪ್ರೆಶರ್ 8ರಿಂದ 12ರ ಆಸುಪಾಸು ಇಳಿದಾಗ ಅದು ಮುಚ್ಚಿಕೊಳ್ಳಬೇಕು, ಅದು ಲೆಕ್ಕ. ಪ್ಯಾಕೆಟ್ಟಿನಿಂದ ತೆಗೆದಾಗ ಆ ಪರೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಿರಿಂಜಿನಲ್ಲಿ ಸಲೈನ್ ಒತ್ತಿ, ಪ್ಲೇಟಿನ ಕಡೆಯಿಂದ ನೀರು ಚಿಮ್ಮಿದ್ದನ್ನು ಕಣ್ಣಾರೆ ನೋಡದೆ ಕಣ್ಣಿಗೆ ಹಾಕಬಾರದು. ಹಾಕುವುದು ಸಲೀಸು. ಎರಡು ಸ್ನಾಯುಗಳ ನಡುವೆ ಜಾರಿಸಿದರೆ ಕೂರುತ್ತದೆ. ಅವತ್ತೇ ಪ್ರೆಶರ್ ಇಳಿಯುತ್ತದೆ. ಶುಗರ್‌ನಿಂದ ಕಣ್ಣೊಳಗೆ ಹೊಸ ರಕ್ತನಾಳ ಬೆಳೆದು ಪ್ರೆಶರ್ 50 ಮುಟ್ಟಿ, ತಲೆ ಹಿಡಿದುಕೊಂಡು ವಾಂತಿ ಮಾಡುತ್ತಾ ಬರುವವರಿಗೆ ನಾನು ಬೇರೆ ಯೋಚನೆಯೇ ಮಾಡಲ್ಲ.

ಆದರೆ ಒಂದರಿಂದ ಮೂರನೇ ತಿಂಗಳ ನಡುವೆ ಬಹಳ ಜನರಲ್ಲಿ ಪ್ರೆಶರ್ ಮತ್ತೆ ಏರುತ್ತದೆ. ಪ್ಲೇಟಿನ ಸುತ್ತ ದಪ್ಪ ಪೊರೆ ಕಟ್ಟುತ್ತದೆ. ಮತ್ತೆ ಡ್ರಾಪ್ಸ್. ರೋಗಿಗೆ ಇದನ್ನು ಮೊದಲೇ ಹೇಳಿರದಿದ್ದರೆ ಆಪರೇಶನ್ನೇ ಫೇಲ್ ಆಯ್ತು ಅಂದುಕೊಳ್ಳುತ್ತಾರೆ.

ಆಡಿ ಮಧುರೈನ ಆರೋಲ್ಯಾಬ್‌ನದು, 2013ರಿಂದ ಸಿಗುತ್ತಿದೆ. ವಾಲ್ವ್ ಇಲ್ಲದ ಬಾರ್ವೆಲ್ಟ್ ಎಂಬ ಟ್ಯೂಬಿನ ಮಾದರಿಯದೇ. ಪ್ಲೇಟ್ 350 ಚದರ ಮಿಲಿಮೀಟರ್, ಬೆಲೆ ಅಹ್ಮದ್‌ಗಿಂತ ಎಷ್ಟೋ ಕಡಿಮೆ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಪ್ಲೇಟಿನ ಎರಡು ರೆಕ್ಕೆ ಮೇಲಿನ ಮತ್ತು ಪಕ್ಕದ ಸ್ನಾಯುಗಳ ಕೆಳಗೆ ಹೋಗಬೇಕು, ಹಾಗಾಗಿ ಎರಡನ್ನೂ ಹುಕ್ಕಿನಲ್ಲಿ ಎತ್ತಬೇಕು. ಸಮಯ ಜಾಸ್ತಿ. ವಾಲ್ವ್ ಇಲ್ಲ, ಹಾಗೇ ಬಿಟ್ಟರೆ ನೀರೆಲ್ಲಾ ಬಸಿದು ಕಣ್ಣು ಮೆತ್ತಗಾಗುತ್ತದೆ. ಅದಕ್ಕೇ 6-0 ವಿಕ್ರಿಲ್ ದಾರದಿಂದ ಟ್ಯೂಬನ್ನು ಬಿಗಿಯಾಗಿ ಕಟ್ಟಿ, ಸಲೈನ್ ಒತ್ತಿ, ಒಂದು ಹನಿಯೂ ದಾಟುತ್ತಿಲ್ಲ ಎಂದು ಪರೀಕ್ಷಿಸುತ್ತೇವೆ. ದಾರ ಕರಗುವವರೆಗೆ ಒಂದಿಷ್ಟು ಒತ್ತಡ ಇಳಿಯಲೆಂದು ಗಂಟಿನ ಮುಂದೆ ಸೂಜಿಯಿಂದ ಒಂದೆರಡು ಸೀಳು. ಈ ಸೀಳುಗಳನ್ನು ನಂಬಬೇಡಿ. ಒಬ್ಬರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಇನ್ನೊಬ್ಬರಲ್ಲಿ ಮಾಡುವುದೇ ಇಲ್ಲ. ಹಳೆ ಡ್ರಾಪ್ಸ್ ಮುಂದುವರಿಸಲೇಬೇಕು.

ಐದು-ಆರು ವಾರಕ್ಕೆ ದಾರ ಕರಗಿ ಟ್ಯೂಬ್ ತೆರೆಯುತ್ತದೆ. ಆಗ ಪ್ರೆಶರ್ ಧಡಕ್ಕನೆ ಇಳಿಯಬಹುದು, ಕೆಲವೊಮ್ಮೆ 5ಕ್ಕಿಂತ ಕೆಳಗೂ. ಡ್ರಾಪ್ಸ್ ಯಾವುದನ್ನು ಬಿಡಬೇಕು, ಸ್ಟಿರಾಯ್ಡ್ ಎಷ್ಟು ಹಾಕಬೇಕು ಎಂದು ಆ ವಾರವೇ ನೋಡಿ ಹೇಳಬೇಕು. ನರಗುಂದದ ಕಡೆಯ ರೈತರು ಕೇಳುವುದು ಹೀಗೆ: "ಒಮ್ಮೆ ಮಾಡಿಸಿದ್ರ ಮುಗೀತಲ್ರಿ ಸಾಹೇಬ್ರ? ಮತ್ತ ಬರೂದೇನ ಇಲ್ಲಲ್ರಿ?" ಇದೆ ಯಜಮಾನ್ರೇ, ಬರಲೇಬೇಕು. ಅದಕ್ಕೇ ಆಡಿ ಹಾಕುವ ಮುಂಚೆ ಕ್ಯಾಲೆಂಡರ್ ತೆಗೆದು ಆರು ವಾರ ಮುಂದೆ ಎಣಿಸುತ್ತೇನೆ. ಏಪ್ರಿಲ್ ಕೊನೆಗೆ ಹಾಕಿದರೆ ದಾರ ಕರಗುವ ಹೊತ್ತಿಗೆ ರೋಹಿಣಿ ಮಳೆ, ಬಿತ್ತನೆ. ಹೊಲ ಬಿಟ್ಟು ಯಾರು ಬರ್ತಾರೆ? ಅಂಥವರಿಗೆ ಸಾಧ್ಯವಾದರೆ ಮಾರ್ಚಿನಲ್ಲೇ ಮುಗಿಸುತ್ತೇನೆ, ಇಲ್ಲವೇ ಅಹ್ಮದ್.

ಅಹ್ಮದ್ ಮತ್ತು ಬಾರ್ವೆಲ್ಟನ್ನು ಎದುರು-ಬದುರು ಇಟ್ಟ ಎಬಿಸಿ ಅಧ್ಯಯನದಲ್ಲಿ 5 ವರ್ಷದ ಕೊನೆಗೆ ಸರಾಸರಿ ಪ್ರೆಶರ್ ಅಹ್ಮದ್ ಕಣ್ಣುಗಳಲ್ಲಿ 14.7, ಬಾರ್ವೆಲ್ಟ್ ಕಣ್ಣುಗಳಲ್ಲಿ 12.7 ಇತ್ತು. ಪ್ರೆಶರ್ ಅತಿಯಾಗಿ ಇಳಿದು ತೊಂದರೆಯಾಗುವುದು ಬಾರ್ವೆಲ್ಟ್‌ನಲ್ಲಿ ಜಾಸ್ತಿ. ನರ ಬಹುಪಾಲು ಹೋಗಿರುವ ಕಣ್ಣಿಗೆ ಆ ಎರಡು ಅಂಕಿಯ ಇಳಿಕೆಯೂ ಬೇಕು. ಹಾಗಾಗಿ, ವಾಪಸ್ ಬರುವವರಾದರೆ ನನ್ನ ಓಟು ಆಡಿಗೆ.

ಇನ್ನು ಹೊದಿಕೆ. ಇದಕ್ಕೆ ಕೊಡಬೇಕಾದಷ್ಟು ಗಮನ ಯಾರೂ ಕೊಡುವುದಿಲ್ಲ ಅನ್ನೋದು ನನ್ನ ತಕರಾರು. ಬರೀ ಮೇಲ್ಪೊರೆ ಮುಚ್ಚಿ ಹೊಲಿದರೆ ರೆಪ್ಪೆ ಉಜ್ಜಿ ಉಜ್ಜಿ ಒಂದು ದಿನ ಟ್ಯೂಬ್ ಹೊರಗೆ ಕಾಣುತ್ತದೆ. ಅಲ್ಲಿಂದ ಸೋಂಕು ನೇರ ಕಣ್ಣೊಳಗೆ.

ಒಂದು ದಾರಿ ಪ್ಯಾಚ್. ದಾನ ಬಂದ ಕಣ್ಣಿನ ಬಿಳಿಗುಡ್ಡೆಯ ತುಂಡನ್ನು ಟ್ಯೂಬಿನ ಮೇಲೆ ಹೊಲಿಯುವುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣು ದಾನವಾದ ಮೇಲೆ ನಮ್ಮ ಹಳ್ಳಿಗಳಲ್ಲೂ ಜನ ತಾವಾಗಿಯೇ ವಿಚಾರಿಸುತ್ತಾರೆ. ಕರಿಗುಡ್ಡೆ ಇನ್ನೊಬ್ಬರಿಗೆ ಹೋದ ಮೇಲೂ ಉಳಿದ ಬಿಳಿ ಭಾಗ ಹೀಗೆ ಬಳಕೆಗೆ ಬರುತ್ತದೆ ಎಂದರೆ ಅಚ್ಚರಿ ಪಡುತ್ತಾರೆ. ಗ್ಲಿಸರಿನ್‌ನಲ್ಲಿಟ್ಟ ತುಂಡು ಗಟ್ಟಿಯಾಗಿ, ಹಳದಿಯಾಗಿ ಬರುತ್ತದೆ. ಸಲೈನ್‌ನಲ್ಲಿ ನೆನೆಸಿಟ್ಟರೆ ಮೆತ್ತಗಾಗಿ ಕತ್ತರಿ ಮಾತು ಕೇಳುತ್ತದೆ. ಟ್ಯೂಬ್ ಕೆಳಭಾಗದಲ್ಲಿ ಹಾಕಬೇಕಾದಾಗ ಮಾತ್ರ ಕಾರ್ನಿಯಾ (ಕರಿಗುಡ್ಡೆಯ) ತುಂಡು ಚೆಂದ, ಪಾರದರ್ಶಕವಾಗಿರುವುದರಿಂದ ಬಿಳಿ ತೇಪೆ ಎದ್ದು ಕಾಣಲ್ಲ.

ಇನ್ನೊಂದು ದಾರಿ ಸುರಂಗ. ದಾನದ ತುಂಡು ಬೇಡ. 23 ಗೇಜ್ ಸೂಜಿಯನ್ನು ಬಗ್ಗಿಸಿ, ಕರಿಗುಡ್ಡೆಯ ಅಂಚಿನಿಂದ 4 ಮಿಲಿಮೀಟರ್ ಹಿಂದೆ ರೋಗಿಯ ಬಿಳಿಗುಡ್ಡೆಯೊಳಗೇ ಅರ್ಧ ಆಳದಲ್ಲಿ ದಾರಿ ಮಾಡಿ, ಲಂಗಕ್ಕೆ ಲಾಡಿ ಏರಿಸಿದ ಹಾಗೆ ಟ್ಯೂಬ್ ಏರಿಸುವುದು. ಸೂಜಿಯ ಮೊನೆ ಮಸುಕಾಗಿ ಬೂದು ಬಣ್ಣದಲ್ಲಿ ಕಾಣುತ್ತಿರಬೇಕು. ಕಾಣದಾಯಿತು ಅಂದರೆ ಆಳಕ್ಕೆ ಹೋಗಿದ್ದೀರಿ, ನಿಲ್ಲಿಸಿ. ಹೊಲಿಗೆ ಇಲ್ಲದ ಮೋತಿಬಿಂದು ಆಪರೇಶನ್ನಿಗೆ ಸುರಂಗ ಕೊರೆದು ಪಳಗಿದ ಕೈಗೆ ಇದು ಬೇಗ ಬರುತ್ತದೆ. ಮೈನಸ್ ನಂಬರ್ ಜಾಸ್ತಿ ಇರುವವರಿಗೆ, ಈಗಾಗಲೇ ಎರಡು-ಮೂರು ಆಪರೇಶನ್ ಆದವರಿಗೆ ಬೇಡ. ಅವರ ಗುಡ್ಡೆ ತೆಳು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಬಂದರೆ ಮಾತ್ರ ನಾನು ಸುರಂಗದ ಗೋಜಿಗೆ ಹೋಗದೆ ಐ ಬ್ಯಾಂಕಿನ ತುಂಡಿಗೆ ಕಾಯುತ್ತೇನೆ. ಆ ಘಾಟಿನಲ್ಲಿ ಕೂತು ಕಣ್ಣು ಉಜ್ಜಬೇಡಿ ಅಂತ ಹೇಳಬಹುದು, ಸೀಸನ್ನಿನಲ್ಲಿ ಕೈ ಕೇಳಬೇಕಲ್ಲ.

ತುದಿ ಎಲ್ಲಿಡಬೇಕು ಅನ್ನೋದರಲ್ಲಿ ನನಗೆ ಗೊಂದಲ ಕಡಿಮೆ. ಸ್ವಂತ ಲೆನ್ಸ್ ಇದ್ದರೆ ಮುಂದಿನ ಕೋಣೆಯಲ್ಲಿ, ಐರಿಸ್‌ಗೆ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಸಮಾನಾಂತರವಾಗಿ, ಕಾರ್ನಿಯಾಗೆ ತಾಗದಂತೆ. ಮೋತಿಬಿಂದು ಆಗಿ ಲೆನ್ಸ್ ಹಾಕಿಸಿಕೊಂಡವರಿಗೆ ಐರಿಸ್‌ನ ಹಿಂದೆ, ಕಾರ್ನಿಯಾ ಅಷ್ಟು ದೂರ ಉಳಿಯುತ್ತದೆ. ಇನ್ನೂ ಹಿಂದಿನ ಪಾರ್ಸ್ ಪ್ಲಾನಾಗೆ (ರೆಟಿನಾ ಶುರುವಾಗುವ ಮುಂಚಿನ ಪಟ್ಟಿ) ಹೋಗಬೇಕೆಂದರೆ ರೆಟಿನಾ ಡಾಕ್ಟರ್ ಒಳಗಿನ ಜೆಲ್ ಪೂರ್ತಿ ತೆಗೆದಿರಬೇಕು. ಚೂರು ಉಳಿದರೂ ಬಂದು ಟ್ಯೂಬಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅವರೂ ನಾನೂ ಒಂದೇ ದಿನ ಓಟಿಯಲ್ಲಿ ಇರಲು ಆದರೆ ಮಾತ್ರ ಆ ಕಡೆ ಹೋಗುತ್ತೇನೆ.