‘ಇಲ್ಲೇ ನಿಲ್ಲಿಸಿ, ಏನೂ ಆಗಲ್ಲ’ ಅಂದವರು ದಂಡ ಕಟ್ಟುವುದಿಲ್ಲ: ಗೂಡ್ಸ್ ಗಾಡಿಯವರಿಗೆ ಒಂದು ಎಚ್ಚರಿಕೆ

ನಗರದ ಒಳಗೆ ಲೋಡು ಹೊಡೆಯುವ ಸಣ್ಣ ಗಾಡಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲೋಡಿಂಗ್ ಬೋರ್ಡ್ ಇರುವ ಜಾಗದಲ್ಲೇ ನಿಂತಿದ್ದ ನನ್ನ ಗಾಡಿಗೆ ದಂಡ ಬಿತ್ತು. ಅಷ್ಟೇ ಆಗಿದ್ದರೆ ಕಟ್ಟಿ ಸುಮ್ನೆ ಇರುತ್ತಿದ್ದೆ. ಅರ್ಧ ಸರಕು ಒಳಗಿರುವಾಗಲೇ ಗಾಡಿಯನ್ನು ಟೋ ಮಾಡಿಕೊಂಡು ಹೋದರು.

ಆಗಿದ್ದು ಇಷ್ಟು. ಒಂದು ದೊಡ್ಡ ಕಟ್ಟಡಕ್ಕೆ ಆಫೀಸ್ ಮೇಜು, ಕುರ್ಚಿ, ಕಬ್ಬಿಣದ ಬೀರು ಇಳಿಸಬೇಕಿತ್ತು. ಹೊತ್ತಿಗೆ ಸರಿಯಾಗಿ ಹೋದೆ. ಕಟ್ಟಡದ ಮುಂದಿನ ಲೋಡಿಂಗ್ ಜಾಗ ಖಾಲಿ ಇತ್ತು, ಅಲ್ಲೇ ನಿಲ್ಲಿಸಿದೆ. ಬೋರ್ಡಿನಲ್ಲಿ ಅರ್ಧ ಗಂಟೆ ಅಂತ ಇತ್ತು. ಅರ್ಧ ಗಂಟೆ ಸಾಕಾಗುತ್ತಿತ್ತು, ಇಬ್ಬರು ಹುಡುಗರು ಜೊತೆಗಿದ್ದರು. ಆದರೆ ಸ್ಟೋರಿನವರು ಬಂದು ಸರ್ವೀಸ್ ಲಿಫ್ಟ್ ಬಿಡುವಿಲ್ಲ, ಸ್ವಲ್ಪ ತಡೀರಿ ಅಂದರು. ಟೈಮ್ ಮುಗೀತಾ ಇದೆ, ಒಂದು ರೌಂಡ್ ಹಾಕಿಕೊಂಡು ಬರುತ್ತೀನಿ ಅಂದರೆ ಬೇಡ ಬೇಡ, ಇಲ್ಲೇ ನಿಲ್ಲಿಸಿ, ಎಲ್ಲರೂ ಇಲ್ಲೇ ನಿಲ್ಲಿಸುತ್ತಾರೆ, ಏನೂ ಆಗಲ್ಲ, ನಾವಿದ್ದೀವಲ್ಲ ಅಂತ ಅವರೂ ಹೇಳಿದರು, ಗೇಟಿನ ಸೆಕ್ಯುರಿಟಿಯವರೂ ಹೇಳಿದರು. ಲಿಫ್ಟ್ ಸಿಕ್ಕಿದ್ದು ತುಂಬಾ ಹೊತ್ತಾದ ಮೇಲೆ. ಬೀರು ಭಾರ ಜಾಸ್ತಿ, ಮೂರೂ ಜನ ಕೈ ಹಾಕಲೇಬೇಕು. ಹಿಂದಿನ ಬಾಗಿಲು ಹಾಕಿ, ಬೀಗ ಜಡಿದು ಮೇಲೆ ಹೋದೆವು. ಇಳಿದು ಬಂದಾಗ ಅಲ್ಲಿ ಗಾಡಿ ಇಲ್ಲ. ಸೆಕ್ಯುರಿಟಿಯವರು ನೋಡುತ್ತಾ ನಿಂತಿದ್ದರು.

ದಂಡದ ವಿರುದ್ಧ ಮನವಿ ಕೊಟ್ಟೆ. ಡೆಲಿವರಿ ಚಲನ್, ಇನ್‌ವಾಯ್ಸ್ ಎಲ್ಲ ಲಗತ್ತಿಸಿದ್ದೆ. ದಂಡ ಹಾಕಿದವರು ತೋರಿಸಿದ್ದು ಎರಡು ಫೋಟೋ. ಎರಡರಲ್ಲೂ ಹಿಂಬಾಗಿಲು ಮುಚ್ಚಿದೆ, ಬೀಗ ಕಾಣುತ್ತದೆ, ಅಕ್ಕಪಕ್ಕ ಒಬ್ಬ ಮನುಷ್ಯನೂ ಇಲ್ಲ, ಟ್ರಾಲಿ ಇಲ್ಲ, ನೆಲದ ಮೇಲೆ ಒಂದು ಪೆಟ್ಟಿಗೆ ಕೂಡ ಇಲ್ಲ. ಮೂಲೆಯಲ್ಲಿ ಟೈಮ್ ಬೇರೆ ಬಿದ್ದಿದೆ. ಆ ಫೋಟೋ ನೋಡಿದವರಿಗೆ ಅದು ಲೋಡು ಇಳಿಸುತ್ತಿರುವ ಗಾಡಿ ಅನ್ನಿಸುವುದಿಲ್ಲ, ಯಾರೋ ನಿಲ್ಲಿಸಿ ಹೋದ ಗಾಡಿ ಅಷ್ಟೇ. ನಾವು ಮೇಲೆ ಬೆವರು ಸುರಿಸಿ ಬೀರು ಹೊರುತ್ತಿದ್ದುದು ಯಾವ ಫೋಟೋದಲ್ಲಿ ಬರುತ್ತದೆ? ಮನವಿ ವಜಾ ಆಯಿತು.

ಇಲ್ಲಿಂದ ಮುಂದೆ ಸ್ವಲ್ಪ ಗಮನ ಕೊಡಿ. ಲೋಡಿಂಗ್ ಜಾಗ ಅಂದರೆ ಗೂಡ್ಸ್ ಗಾಡಿಗಳ ಪಾರ್ಕಿಂಗ್ ಜಾಗ ಅಲ್ಲ. ಸರಕು ಏರುತ್ತಾ ಇಳಿಯುತ್ತಾ ಇರಬೇಕು, ಅದು ಕಣ್ಣಿಗೆ ಕಾಣಬೇಕು. ಲಿಫ್ಟಿಗೆ ಕಾಯುವುದು, ಗೋಡೌನ್ ಬೀಗ ತೆಗೆಯುವವರಿಗೆ ಕಾಯುವುದು, ಮುಂದಿನ ಬುಕಿಂಗ್‌ಗೆ ಫೋನ್ ಹಿಡಿದು ಕೂರುವುದು, ಊಟ ಮಾಡುವುದು, ಇವು ಯಾವುವೂ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಸಹಿ ಹಾಕಿಸಿಕೊಳ್ಳುವ ಹೊತ್ತನ್ನು ಕೆಲವು ಕಡೆ ಸೇರಿಸುತ್ತಾರೆ, ಕೆಲವು ಕಡೆ ಇಲ್ಲ. ಒಂದೊಂದು ನಗರಕ್ಕೆ ಒಂದೊಂದು ನಿಯಮ. ಬಾರ್ಸಿಲೋನಾದಲ್ಲಿ ಲೋಡಿಂಗ್ ಜಾಗಕ್ಕೆ 30 ನಿಮಿಷ, ಅದನ್ನೂ ಮೊಬೈಲ್ ಆ್ಯಪಿನಲ್ಲಿ ದಾಖಲಿಸಬೇಕು. ನ್ಯೂಯಾರ್ಕ್‌ನಲ್ಲಿ ಬೇರೆ ಬೋರ್ಡ್ ಇಲ್ಲದ ಕಡೆ ವಾಣಿಜ್ಯ ವಾಹನಕ್ಕೆ 3 ಗಂಟೆಯ ಮಿತಿ. ಅಲ್ಲಿ 3 ಗಂಟೆ ಕೊಡುತ್ತಾರೆ ಅಂತ ಕೇಳಿ ಇನ್ನೊಂದು ಊರಲ್ಲಿ ಆರಾಮಾಗಿ ನಿಲ್ಲಿಸಿದರೆ ಕಥೆ ಮುಗಿಯಿತು.

ನಾಲ್ಕೂ ಇಂಡಿಕೇಟರ್ ಹಾಕಿದರೆ ಯಾರೂ ಮುಟ್ಟಲ್ಲ ಅಂತ ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಆ ಲೈಟು ಹಿಂದೆ ಬರುವ ಗಾಡಿಗೆ ಎಚ್ಚರಿಕೆ, ನಿಲ್ಲಿಸುವುದಕ್ಕೆ ಪರವಾನಗಿ ಅಲ್ಲ. ಲೋಡಿಂಗ್ ಜಾಗದಲ್ಲಿ ಕಾರು ನಿಂತಿದೆ ಅಂತ ಅದರ ಪಕ್ಕದಲ್ಲೇ ಎರಡನೇ ಸಾಲಿನಲ್ಲಿ ನಿಲ್ಲಿಸುವುದೂ ಹಾಗೇ. ತಪ್ಪು ಕಾರಿನವರದ್ದೇ, ಒಪ್ಪುತ್ತೇನೆ, ಆದರೆ ದಂಡದ ಚೀಟಿ ನಿಮಗೂ ಬರುತ್ತದೆ. ನ್ಯೂಯಾರ್ಕ್‌ನಲ್ಲಿ ಬೇಗ ಬೇಗ ಲೋಡು ಇಳಿಸಲು ಹಾಗೆ ನಿಲ್ಲಿಸಲು ಬಿಡುತ್ತಾರೆ, ಅದೂ ಆ ಕಡೆ ಈ ಕಡೆ 100 ಅಡಿಯೊಳಗೆ ಜಾಗ ಇಲ್ಲದಿದ್ದರೆ ಮಾತ್ರ. ಅದೇ ನಗರದ ಮಿಡ್‌ಟೌನ್ ಮ್ಯಾನ್‌ಹಟನ್ ಭಾಗದಲ್ಲಿ ವಾರದ ದಿನಗಳಲ್ಲಿ ಬೆಳಗ್ಗೆ 7ರಿಂದ ಸಂಜೆ 7ರವರೆಗೆ ಅದೂ ಇಲ್ಲ. ಅಷ್ಟು ಸಡಿಲ ಇರುವ ಕಡೆಯೇ ಇಷ್ಟು ಷರತ್ತು ಇದೆ ಅಂದಮೇಲೆ ಬೇರೆ ಕಡೆ ಕೇಳಬೇಕಾ?

ಬೋರ್ಡ್ ಓದುವಾಗ ಕಂಬದ ಮೇಲಿಂದ ಕೆಳಗಿನವರೆಗೂ ಓದಿ. ಮೇಲೆ ಲೋಡಿಂಗ್ ಅಂತ ಇರುತ್ತದೆ, ಕೆಳಗೆ ಚಿಕ್ಕ ಅಕ್ಷರದಲ್ಲಿ ಇಂತಿಷ್ಟು ಹೊತ್ತಿನಿಂದ ಯಾವ ಗಾಡಿಯೂ ನಿಲ್ಲುವಂತಿಲ್ಲ ಅಂತ ಇನ್ನೊಂದು ಫಲಕ ಇರುತ್ತದೆ. ನನ್ನ ಗಾಡಿ ಎಳೆದುಕೊಂಡು ಹೋಗಿದ್ದಕ್ಕೆ ಕೊಟ್ಟ ಕಾರಣ ಅದೇ, ನಾವು ಲಿಫ್ಟಿಗೆ ಕಾಯುತ್ತಾ ಇರುವಾಗಲೇ ಸಂಜೆಯ ಆ ಹೊತ್ತು ಶುರುವಾಗಿತ್ತು. ತೂಕದ ಮಿತಿ, ನೋ ಎಂಟ್ರಿ ಟೈಮ್ ಬೇರೆ ಇರುತ್ತದೆ. ಲಂಡನ್‌ನಲ್ಲಿ 18 ಟನ್ ಮೀರಿದ ಲಾರಿಗಳಿಗೆ ರಾತ್ರಿ ಮತ್ತು ವಾರಾಂತ್ಯದಲ್ಲಿ ಬಹಳಷ್ಟು ರಸ್ತೆ ಬಂದ್, 1985ರಿಂದ ಇದೆ ಆ ನಿಯಮ. ಕೆಲವು ಕಡೆ ಉಲ್ಟಾ, ಹಗಲು ಬಿಡಲ್ಲ, ರಾತ್ರಿ ಬಿಡುತ್ತಾರೆ. ಕ್ರಿಸ್ತಪೂರ್ವದ ರೋಮ್‌ನಲ್ಲೇ ಹಗಲು ಹೊತ್ತು ಸರಕು ಗಾಡಿ ಓಡಿಸದ ಹಾಗೆ ಕಾನೂನು ಇತ್ತಂತೆ, ಅಂದರೆ ನಮ್ಮ ಈ ತಾಪತ್ರಯ ಇವತ್ತಿನದಲ್ಲ.

ನನಗೆ ಹೊಟ್ಟೆ ಉರಿದಿದ್ದು ಆಮೇಲೆ. ದಂಡ, ಟೋಯಿಂಗ್ ಚಾರ್ಜು, ಗಾಡಿ ಇಟ್ಟುಕೊಂಡಿದ್ದಕ್ಕೆ ಬಾಡಿಗೆ, ಎಲ್ಲ ಗಾಡಿ ಮಾಲೀಕರ ತಲೆಗೇ. ‘ನಾವಿದ್ದೀವಲ್ಲ’ ಅಂದ ಸ್ಟೋರಿನವರು ಆಮೇಲೆ ಫೋನ್ ಎತ್ತಲಿಲ್ಲ. ಸರಕು ಲೇಟಾಯಿತು ಅಂತ ಬಾಡಿಗೆಯಲ್ಲಿ ಕಡಿತ ಬೇರೆ. ಬುಕಿಂಗ್ ಕೊಟ್ಟ ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿದರೆ ಷರತ್ತಿನ ಹಾಳೆ ತೋರಿಸಿದರು. ದಂಡ ಏನೇ ಬಿದ್ದರೂ ಡ್ರೈವರ್ ಜವಾಬ್ದಾರಿ ಅಂತ ಒಂದೇ ಸಾಲು. ಕಾಯಿಸಿದವರು ಒಬ್ಬರು, ನಿಲ್ಲಿಸಿ ಅಂದವರು ಇನ್ನೊಬ್ಬರು, ಕಟ್ಟುವವರು ಮಾತ್ರ ನಾವು. ಇದು ನ್ಯಾಯ ಅಲ್ಲ.

ಅದಕ್ಕೇ ಬುಕಿಂಗ್ ಒಪ್ಪುವ ಮೊದಲೇ ಕೇಳಿ: ಗಾಡಿ ಎಲ್ಲಿ ನಿಲ್ಲಬೇಕು, ಲಿಫ್ಟ್ ಯಾವ ಹೊತ್ತಿಗೆ, ಇಳಿಸಲು ಜನ ಇದ್ದಾರಾ, ಕಾಯಿಸಿದರೆ ವೇಟಿಂಗ್ ಚಾರ್ಜು ಎಷ್ಟು, ಅವರು ಹೇಳಿದ ಜಾಗದಲ್ಲಿ ದಂಡ ಬಿದ್ದರೆ ಯಾರು ಕಟ್ಟುತ್ತಾರೆ. ಬಾಯಿಮಾತು ಬೇಡ, ಮೆಸೇಜಿನಲ್ಲಿ ಇರಲಿ. ಹೋದ ತಕ್ಷಣ ಬೋರ್ಡು ಮತ್ತು ಗಾಡಿ ಎರಡೂ ಕಾಣುವ ಹಾಗೆ ಫೋಟೋ ತೆಗೆಯಿರಿ. ಇಳಿಸುವಾಗ ನೆಲದ ಮೇಲೆ ಸರಕು ಇರುವ ಫೋಟೋ ಇನ್ನೊಂದು. ಇಬ್ಬರಿದ್ದರೆ ಒಬ್ಬರು ಗಾಡಿ ಹತ್ತಿರವೇ ಇರಬೇಕು. ಒಬ್ಬರೇ ಹೋಗುವವರಿಗೆ ಇದು ಕಷ್ಟ, ಬಾಗಿಲು ತೆರೆದಿಟ್ಟರೆ ಕಳ್ಳತನ, ಮುಚ್ಚಿದರೆ ದಂಡ. ಅಂಥವರು ಭಾರದ ಸರಕನ್ನು ಬಾಗಿಲವರೆಗೆ ಮಾತ್ರ ಅಂತ ಮೊದಲೇ ಮಾತಾಡಿಕೊಳ್ಳಿ. ಟೈಮ್ ಮುಗಿದರೆ ಯಾರು ಏನೇ ಹೇಳಲಿ, ಗಾಡಿ ತೆಗೆಯಿರಿ. ಪಾರ್ಟಿ ಬೈದರೆ ಬೈಯಲಿ.

ಆದರೂ ಟೋ ಆಗಿಬಿಟ್ಟರೆ ಬಿಡಿಸಿಕೊಳ್ಳುವ ಕಾಗದಕ್ಕೆ ಸಹಿ ಹಾಕುವ ಮೊದಲು ಹಿಂಬಾಗಿಲು ತೆಗೆಸಿ, ಡೆಲಿವರಿ ಚಲನ್ ಹಿಡಿದು ಒಂದೊಂದೇ ಸರಕು ಎಣಿಸಿ. ಒಡೆದಿದ್ದರೆ, ಗೀರು ಬಿದ್ದಿದ್ದರೆ ಅಲ್ಲೇ ಫೋಟೋ ತೆಗೆದು ಆ ಕಾಗದದ ಮೇಲೇ ಬರೆಸಿ. ನನಗೆ ಎರಡು ಕುರ್ಚಿಯ ಕಾಲು ಮುರಿದಿತ್ತು. ಗೇಟು ದಾಟುವ ಮೊದಲೇ ಬರೆಸಿಕೊಂಡಿದ್ದರಿಂದ ಅದೊಂದರ ದುಡ್ಡು ಮಾತ್ರ ವಾಪಸ್ ಬಂತು.